ಹಿಂದಿನ ಆಕ್ಸಲ್‌ನಿಂದ ಗರಗರ ಸದ್ದು: ಬಿಚ್ಚುವ ಮೊದಲು ಪತ್ತೆ ಹಚ್ಚುವುದು ಹೇಗೆ

ನಮ್ಮ ಮನೆಯಲ್ಲಿರುವುದು ಹಳೇ ಎಂಟು ಸೀಟಿನ ಗಾಡಿ. ಇಂಜಿನ್ ಮುಂದೆ, ಎಳೆಯುವುದು ಹಿಂದಿನ ಚಕ್ರ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಕಡೆ ಹೊರ ವರ್ತುಲ ರಸ್ತೆ ಕೆರೆಯ ಹಾಗೆ ಆಗಿತ್ತಲ್ಲ, ಆ ವಾರ ಈ ಗಾಡಿ ಅರ್ಧ ಚಕ್ರ ಮುಳುಗುವಷ್ಟು ನೀರಿನಲ್ಲಿ ಸುಮಾರು ದೂರ ಬಂದಿತ್ತು. ಇಂಜಿನ್‌ಗೆ ಏನೂ ಆಗಲಿಲ್ಲ. ಬದುಕಿತು ಅಂದುಕೊಂಡು ಸುಮ್ಮನಾದೆವು. ಆಮೇಲೆ ಎರಡು ತಿಂಗಳು ಗಾಡಿ ಹೆಚ್ಚುಕಡಿಮೆ ನಿಂತೇ ಇತ್ತು. ಸಂಕ್ರಾಂತಿಗೆ ಊರಿಗೆ ಹೊರಟಾಗ ಹಿಂದಿನಿಂದ ಸಣ್ಣಗೆ ಗರಗರ ಶುರುವಾಯಿತು.

ಮನೆ ಹತ್ತಿರದ ಗ್ಯಾರೇಜಿನಲ್ಲಿ ಒಂದು ಸುತ್ತು ಓಡಿಸಿ ನೋಡಿ, ಬಲಗಡೆ ವೀಲ್ ಬೇರಿಂಗ್ ಅಂದರು. ಬದಲಾಯಿಸಿದರು. ಸದ್ದು ಹಾಗೇ ಇತ್ತು. ಆಮೇಲೆ "ಕ್ರೌನ್ ಪಿನಿಯನ್ ಹೋಗಿದೆ ಸಾರ್, ಪೂರ್ತಿ ಹೌಸಿಂಗೇ ಬೇರೆ ಹಾಕಿಬಿಡಿ" ಅಂದರು. ಕ್ರೌನ್ ಅಂದರೆ ಹಿಂದಿನ ಆಕ್ಸಲ್ ನಡುವಿನ ದೊಡ್ಡ ಹಲ್ಲಿನ ಚಕ್ರ, ಪಿನಿಯನ್ ಅದನ್ನು ತಿರುಗಿಸುವ ಚಿಕ್ಕದು, ಹೌಸಿಂಗ್ ಅವೆರಡರ ಕಬ್ಬಿಣದ ಗೂಡು. ಅಷ್ಟು ದುಡ್ಡಿನ ಮಾತು ಬಂದಾಗ ಇನ್ನೊಬ್ಬರನ್ನು ಕೇಳೋಣ ಅನಿಸಿತು. ವಿಲ್ಸನ್ ಗಾರ್ಡನ್‌ನಲ್ಲಿ ಆಕ್ಸಲ್ ಕೆಲಸವನ್ನೇ ಮಾಡಿಕೊಂಡು ಬಂದಿರುವ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಅವರ ಹತ್ತಿರ ಹೋಗಿ, ಸದ್ದು ಹಿಂದೆ ಬಲಗಡೆಯಿಂದ ಬರುತ್ತಿದೆ ಅಂದೆ. ಅವರು ಕೈ ಒರೆಸಿಕೊಳ್ಳುತ್ತಾ, "ಎಲ್ಲಿಂದ ಅನ್ನೋದು ಬೇಡ ಸಾರ್. ಯಾವಾಗ ಬರ್ತದೆ, ಅದು ಹೇಳಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಒಂದು ಬೆಳಗ್ಗೆ ಓಡಿಸ್ಕೊಂಡು ಎಲ್ಲಾ ಒಂದು ಚೀಟೀಲಿ ಬರ್ಕೊಂಡು ಬನ್ನಿ, ಆಮೇಲೆ ಸ್ಪ್ಯಾನರ್ ಹಿಡಿಯೋಣ" ಅಂತ ಕಳಿಸಿದರು.

ಅವರು ಹೇಳಿದ್ದು ಎಷ್ಟು ಸರಿ ಅಂತ ಆಮೇಲೆ ಅರ್ಥವಾಯಿತು. ಹಿಂದಿನ ಆಕ್ಸಲ್ ಅಂದರೆ ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಕಬ್ಬಿಣದ ಕೊಳವೆ. ನಡುವೆ ಎಲ್ಲಿ ಕರಕರ ಅಂದರೂ ಕೊಳವೆ ಪೂರ್ತಿ ಹಾಡುತ್ತದೆ. ಅಲ್ಲಿಂದ ಸ್ಪ್ರಿಂಗ್ ಹತ್ತಿ, ಬಾಡಿ ಹತ್ತಿ, ಸೀಟಿನ ಕೆಳಗೆ ಬಂದು ಕೇಳಿಸುತ್ತದೆ. ಒಳಗೆ ಕೂತ ಕಿವಿಗೆ ಎಡ, ಬಲ, ನಡು ಯಾವುದೂ ಸರಿಯಾಗಿ ಗೊತ್ತಾಗುವುದಿಲ್ಲ. ಆದರೆ ಸದ್ದು ಬರುವ ಹೊತ್ತು ಮಾತ್ರ ಸುಳ್ಳು ಹೇಳುವುದಿಲ್ಲ.

ಮೊದಲು, ನಿಮ್ಮ ಗಾಡಿ ಯಾವ ಬಗೆಯದು?

ಬೊಲೆರೊ, ಸುಮೊ, ಓಮ್ನಿ, ಈಕೊ, ಟಾಟಾ ಏಸ್, ಕ್ರಿಸ್ಟಾವರೆಗಿನ ಇನ್ನೋವಾ, ಇವೆಲ್ಲ ಹಿಂದಿನ ಚಕ್ರ ಎಳೆಯುವ ಗಾಡಿಗಳು. ಹಿಂದಿನ ಆಕ್ಸಲ್ ಮಧ್ಯದಲ್ಲಿ ಗುಂಡಗೆ ಉಬ್ಬಿದ ಹೌಸಿಂಗ್ ಇರುತ್ತದೆ. ಅದರೊಳಗೆ ಕ್ರೌನ್, ಪಿನಿಯನ್, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್, ನಾಲ್ಕು ಬೇರಿಂಗ್, ಗೇರ್ ಆಯಿಲ್. ಸ್ವಿಫ್ಟ್, ಐ10 ಥರದ ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಹಿಂದೆ ಗೇರೇ ಇಲ್ಲ. ಅಲ್ಲಿ ಗರಗರ ಬಂದರೆ ಟೈರ್, ಬ್ರೇಕ್, ಹಬ್ ಬೇರಿಂಗ್ ಈ ಮೂರನ್ನೇ ನೋಡಿದರೆ ಸಾಕು. ಆ ಕಾರಿಗೆ ಯಾರಾದರೂ "ಹಿಂದಿನ ಡಿಫರೆನ್ಷಿಯಲ್ ಹೋಗಿದೆ" ಅಂದರೆ ಅಲ್ಲಿಂದ ಗಾಡಿ ತೆಗೆದುಕೊಂಡು ಬನ್ನಿ.

ಸದ್ದಿಗೆ ಸರಿಯಾದ ಹೆಸರು ಕೊಡಿ

ಈ ವಿಷಯದಲ್ಲಿ ಕನ್ನಡದವರು ಪುಣ್ಯವಂತರು. ಒಂದೊಂದು ಸದ್ದಿಗೂ ನಮ್ಮಲ್ಲಿ ಒಂದೊಂದು ಮಾತಿದೆ. ಮೇಸ್ತ್ರಿಗೆ ಸುಮ್ನೆ "ಸೌಂಡ್ ಬರ್ತಿದೆ" ಅನ್ನುವ ಬದಲು ಆ ಮಾತನ್ನೇ ಬಳಸಿ.

ರಾಗಿ ಬೀಸುವ ಕಲ್ಲಿನ ಹಾಗೆ ಒಂದೇ ಸಮ ಗರಗರ ಅಂದರೆ ಸಾಮಾನ್ಯವಾಗಿ ಬೇರಿಂಗ್. ಉರುಳೆಯೋ ಅದು ಉರುಳುವ ದಾರಿಯೋ ಗುಳಿ ಬಿದ್ದಿರುತ್ತದೆ. ಗುಂಯ್ ಅಂತ ಸಿಳ್ಳೆ ಥರ ಎಳೆದು, ವೇಗದ ಜೊತೆ ಏರಿ ಇಳಿದರೆ ಅದು ಕ್ರೌನ್, ಪಿನಿಯನ್ ಹಲ್ಲಿನ ಸದ್ದು. ಬ್ರೇಕ್ ಒತ್ತಿದಾಗ ಮಾತ್ರ ಕರ್ರ್ ಅಂತ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಹಾಗಾದರೆ ಬ್ರೇಕ್ ಶೂನ ಲೈನರ್ ಸವೆದಿದೆ. ಗೇರ್ ಹಾಕಿ ಕ್ಲಚ್ ಬಿಡುವಾಗ ಒಂದೇ ಸಲ ಟಕ್ ಅಂದರೆ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಜಾಯಿಂಟ್ ಶಾಫ್ಟ್‌ನ ಕ್ರಾಸ್ (ಅದರ ತುದಿಯ ಕೀಲು) ಸಡಿಲವಾಗಿರಬಹುದು, ಇಲ್ಲವೇ ಹಲ್ಲುಗಳ ನಡುವೆ ಆಟ, ಅಂದರೆ ಸಡಿಲ, ಜಾಸ್ತಿ ಆಗಿರಬಹುದು. ನಿಧಾನಕ್ಕೆ ಹೋಗುವಾಗ ಇಲಿಮರಿಯ ಹಾಗೆ ಕೀಚ್ ಕೀಚ್ ಅಂದರೆ ಒಣಗಿದ ಕ್ರಾಸ್. ಅದಕ್ಕೆ ಗ್ರೀಸ್ ನಿಪ್ಪಲ್ ಇದ್ದರೆ ಮೊದಲು ಗ್ರೀಸ್ ಹೊಡೆಸಿ ನೋಡಿ.

ರಾತ್ರಿ ಮಳೆಯಲ್ಲಿ ನಿಂತ ಗಾಡಿ ಬೆಳಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಕರಕರ ಅಂದು ಆಮೇಲೆ ಸರಿಹೋಗುತ್ತದಲ್ವಾ, ಅದು ಡ್ರಮ್ ಮೇಲಿನ ತೆಳು ತುಕ್ಕು. ಅದಕ್ಕೆ ಹೆದರಬೇಡಿ.

ರಸ್ತೆಯ ಮೇಲೆ: ಯಾವಾಗ ಬರುತ್ತದೆ?

ಭಾನುವಾರ ಬೆಳಗ್ಗೆ ಆರಕ್ಕೆ ಹೊರಡಿ. ಜನ ಓಡಾಡುವ ರಸ್ತೆಯಲ್ಲಿ ಇದು ಆಗುವುದಿಲ್ಲ. ಮಾಗಡಿ ರಸ್ತೆಯ ಆಚೆ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಅಗಲವಾದ ಖಾಲಿ ರಸ್ತೆಗಳಿವೆ. ನಿಧಾನದ ಪರೀಕ್ಷೆಗೆ ನಾನು ಅಲ್ಲಿಗೇ ಹೋಗಿದ್ದು. ವೇಗದ ಪರೀಕ್ಷೆಗೆ ನೈಸ್ ರಸ್ತೆ. ಓಡಿಸುವವರು ಒಬ್ಬರು, ಹಿಂದೆ ಕೂತು ಕೇಳಿ ಬರೆದುಕೊಳ್ಳುವವರು ಇನ್ನೊಬ್ಬರು. ನನ್ನ ಹೆಂಡತಿ ಓಡಿಸಿದಳು, ನಾನು ಹಿಂದಿನ ಸೀಟ್ ಮಡಚಿ ಕಿವಿ ಕೊಟ್ಟು ಕೂತೆ. ಕಿಟಕಿ ಮುಚ್ಚಿ, ಏಸಿ, ರೇಡಿಯೋ ಆಫ್ ಮಾಡಿ. ಡಿಕ್ಕಿಯಲ್ಲಿರುವ ಜಾಕ್, ಸ್ಪ್ಯಾನರ್, ನೀರಿನ ಕ್ಯಾನ್ ಎಲ್ಲ ಮನೆಯಲ್ಲೇ ಇಳಿಸಿ ಬನ್ನಿ. ಸಡಿಲ ಜಾಕ್ ಒಂದು ಬೇರಿಂಗಿನಷ್ಟೇ ಚೆನ್ನಾಗಿ ಗರಗರ ಅನ್ನುತ್ತದೆ.

ಮೊದಲು ನಿಂತಲ್ಲೇ, ನ್ಯೂಟ್ರಲ್‌ನಲ್ಲಿ ಇಂಜಿನ್ ರೇಸ್ ಮಾಡಿ. ಸದ್ದು ಬಂದರೆ ಅದು ಆಕ್ಸಲ್ ಅಲ್ಲ. ಚಕ್ರ ತಿರುಗದೆ ಆಕ್ಸಲ್ ಸದ್ದು ಮಾಡುವುದಿಲ್ಲ.

ಆಮೇಲೆ ಟೈರನ್ನು ಪಟ್ಟಿಯಿಂದ ತೆಗೆಯಬೇಕು. ಬೆಂಗಳೂರಿನಲ್ಲಿ ಇದಕ್ಕೆ ಒಂದು ಒಳ್ಳೆ ಉಪಾಯ ಇದೆ. ವೈಟ್ ಟಾಪಿಂಗ್ ಆದ ಕಾಂಕ್ರೀಟ್ ರಸ್ತೆಯಿಂದ ಡಾಂಬರು ರಸ್ತೆಗೆ ಅದೇ ವೇಗದಲ್ಲಿ ದಾಟಿ. ಸದ್ದು ತಟ್ಟನೆ ಬದಲಾದರೆ ಅದು ಟೈರ್. ಬೇರಿಂಗಿಗೂ ಗೇರಿಗೂ ಕೆಳಗಿರುವುದು ಕಾಂಕ್ರೀಟೋ ಡಾಂಬರೋ ಗೊತ್ತಾಗುವುದಿಲ್ಲ, ಅವು ಒಂದೇ ಥರ ಕೂಗುತ್ತವೆ. ಟೈರನ್ನು ಅಂಗೈಯಿಂದ ಸುತ್ತಲೂ ಸವರಿ. ಅಲೆ ಅಲೆಯಾಗಿ ಏರಿಳಿತ ಸಿಕ್ಕಿದರೆ ಅನುಮಾನ ಇನ್ನೂ ಗಟ್ಟಿ. ಹಿಂದಿನ ಟೈರುಗಳನ್ನು ಮುಂದಕ್ಕೆ ಹಾಕಿ ನೋಡಿ, ಸದ್ದೂ ಮುಂದಕ್ಕೆ ಬಂದರೆ ವಿಷಯ ಮುಗಿಯಿತು.

ಈಗ ಮುಖ್ಯವಾದದ್ದು. 50ರ ಆಸುಪಾಸಿನಲ್ಲಿ ಮೂರು ಥರ ಓಡಿಸಿ: ಆಕ್ಸಲರೇಟರ್ ಒತ್ತಿ ಎಳೆಸುತ್ತಾ, ಕಾಲು ಪೂರ್ತಿ ತೆಗೆದು ಗೇರಿನಲ್ಲೇ ಬಿಟ್ಟು, ಒಂದೇ ವೇಗದಲ್ಲಿ ಹಗುರವಾಗಿ. ಕೊನೆಗೆ ರಸ್ತೆ ಖಾಲಿ ಇದ್ದರೆ ಕೆಲವು ಸೆಕೆಂಡ್ ನ್ಯೂಟ್ರಲ್ ಮಾಡಿ. ಇಂಜಿನ್ ಮಾತ್ರ ಆರಿಸಬೇಡಿ, ಬ್ರೇಕ್ ಮತ್ತು ಸ್ಟೀರಿಂಗ್ ಬಿಗಿಯಾಗಿಬಿಡುತ್ತವೆ.

ಎಳೆಸುವಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಇದ್ದರೆ ಕಣ್ಣು ಹೌಸಿಂಗ್ ಕಡೆ ಹೋಗಬೇಕು. ಯಾಕೆಂದರೆ ಎಳೆಯುವಾಗ ಪಿನಿಯನ್ ಹಲ್ಲಿನ ಒಂದು ಮುಖ ಕ್ರೌನನ್ನು ತಳ್ಳುತ್ತದೆ, ಬಿಟ್ಟಾಗ ಚಕ್ರವೇ ತಿರುಗಿ ಹಲ್ಲಿನ ಇನ್ನೊಂದು ಮುಖವನ್ನು ತಳ್ಳುತ್ತದೆ. ಹಾಗೇ ಎಳೆಯುವಾಗ ಭಾರ ಪಿನಿಯನ್ ತಲೆಯ ಹತ್ತಿರದ ದೊಡ್ಡ ಬೇರಿಂಗ್ ಮೇಲೆ ಬೀಳುತ್ತದೆ, ಬಿಟ್ಟಾಗ ಮುಂದಿನ ಚಿಕ್ಕ ಬೇರಿಂಗ್ ಮೇಲೆ. ವೀಲ್ ಬೇರಿಂಗಿಗೆ ಈ ವ್ಯತ್ಯಾಸ ಅಷ್ಟಾಗಿ ತಾಗುವುದಿಲ್ಲ. ಎಳೆದರೂ ಬಿಟ್ಟರೂ ಅದು ಒಂದೇ ಸಮ.

ವೀಲ್ ಬೇರಿಂಗ್ ಬದಲಾಗುವುದು ತಿರುವಿನಲ್ಲಿ. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಕ್ಕೆ ವಾಲುತ್ತದೆ. ಆಗ ಸದ್ದು ಜೋರಾದರೆ ಬಲಗಡೆ ಬೇರಿಂಗ್, ಬಲಕ್ಕೆ ತಿರುಗಿದಾಗ ಜೋರಾದರೆ ಎಡಗಡೆಯದು. ಹಿಂದಿನ ಆಕ್ಸಲ್‌ನಲ್ಲಿ ಇದು ಮುಂದಿನಷ್ಟು ಸ್ಪಷ್ಟವಾಗಿ ತೋರದೆ ಇರಬಹುದು. ಹಾಗಾಗಿ ಇದೊಂದನ್ನೇ ನಂಬಿ ಬೇರಿಂಗ್ ಬಿಚ್ಚಿಸಬೇಡಿ.

ನೇರ ಹೋಗುವಾಗ ಪೂರ್ತಿ ಮೌನ, ಗಲ್ಲಿಯಲ್ಲಿ ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಕಟಕಟ ಅಂದರೆ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳನ್ನು ನೋಡಿಸಿ. ನೇರ ಓಟದಲ್ಲಿ ಅವು ತಮ್ಮ ತಮ್ಮಲ್ಲಿ ತಿರುಗುವುದೇ ಇಲ್ಲ. ಎರಡು ಚಕ್ರದ ವೇಗ ಬೇರೆಯಾದಾಗ ಮಾತ್ರ ಅವುಗಳಿಗೆ ಕೆಲಸ.

ಬ್ರೇಕಿನ ಅನುಮಾನ ಇದ್ದರೆ, ಖಾಲಿ ರಸ್ತೆಯಲ್ಲಿ 15-20ರ ವೇಗದಲ್ಲಿ ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿಕೊಂಡೇ ಒಂದೆರಡು ಹಲ್ಲು ಎಳೆಯಿರಿ. ಸದ್ದು ಬದಲಾದರೆ ಡ್ರಮ್ ಬಿಚ್ಚಿ. ಲೈನರ್ ಕಿತ್ತು ಒಳಗೇ ಸುತ್ತುತ್ತಿರಬಹುದು, ಇಲ್ಲವೇ ಡ್ರಮ್ಮಿಗೂ ಅದರ ಹಿಂದಿನ ತಗಡಿಗೂ ನಡುವೆ ಒಂದು ಜಲ್ಲಿ ಸಿಕ್ಕಿಕೊಂಡಿರಬಹುದು. ಕಾಮಗಾರಿ ನಡೆಯುತ್ತಿರುವ ನಮ್ಮ ರಸ್ತೆಗಳಲ್ಲಿ ಜಲ್ಲಿ ಸಿಕ್ಕುವುದೇನೂ ಅಪರೂಪವಲ್ಲ.

ಎಣಿಸಿ ನೋಡುವುದು

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ದುಡ್ಡು ಬೇಡ, ಒಂದು ಚಾಕ್‌ಪೀಸ್ ಸಾಕು.

215/75 ಆರ್15 ಅಳತೆಯ ಟೈರ್ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. 8 ಕಿ.ಮೀ. ವೇಗದಲ್ಲಿ ಅಂದರೆ ಸೆಕೆಂಡಿಗೆ ಒಂದು ಸುತ್ತು. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 10 ಹಲ್ಲು ಇದೆ ಅಂದುಕೊಳ್ಳಿ. ಚಕ್ರ ಒಂದು ಸುತ್ತು ತಿರುಗಿದರೆ ಪಿನಿಯನ್ ಮತ್ತು ಜಾಯಿಂಟ್ ಶಾಫ್ಟ್ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ ತಿರುಗುತ್ತವೆ. ಟೈರಿನ ಪಕ್ಕಕ್ಕೆ ಚಾಕ್‌ನಿಂದ ದಪ್ಪ ಗೆರೆ ಎಳೆಯಿರಿ. ಮೊದಲ ಗೇರಿನಲ್ಲಿ, ಆಕ್ಸಲರೇಟರ್ ಮುಟ್ಟದೆ ಗಾಡಿ ತೆವಳಲಿ. ಒಬ್ಬರು ಎರಡು ಮೂರು ಅಡಿ ದೂರದಲ್ಲಿ ಪಕ್ಕದಲ್ಲೇ ಹೆಜ್ಜೆ ಹಾಕಲಿ. ಗೆರೆ ಮೇಲೆ ಬಂದಾಗಲೆಲ್ಲ ಒಂದು ಟಕ್ ಕೇಳಿದರೆ ತೊಂದರೆ ಚಕ್ರದ ವೇಗದಲ್ಲಿ ತಿರುಗುವ ವಸ್ತುವಿನಲ್ಲಿದೆ: ಡ್ರಮ್, ಆಕ್ಸಲ್, ಕ್ರೌನ್‌ನ ಒಂದು ಮುರಿದ ಹಲ್ಲು, ಟೈರಿಗೆ ಚುಚ್ಚಿದ ಮೊಳೆ. ಒಂದು ಸುತ್ತಿಗೆ ನಾಲ್ಕು ಸಲ ಬಂದರೆ ಪಿನಿಯನ್ ಅಥವಾ ಶಾಫ್ಟ್. ಬೇರಿಂಗಿನ ಗರಗರವನ್ನು ಹೀಗೆ ಎಣಿಸಲು ಆಗುವುದಿಲ್ಲ, ಆದರೆ ಗಮನವಿಟ್ಟರೆ ಅದರಲ್ಲೂ ಒಂದು ಏರಿಳಿತದ ಲಯ ಸಿಗುತ್ತದೆ. ನನ್ನ ಚೀಟಿಯಲ್ಲಿ ಬರೆದಿದ್ದು: "ಚಕ್ರಕ್ಕಿಂತ ಬೇಗ, ಸುಮಾರು ನಾಲ್ಕು. ಕಾಲು ತೆಗೆದಾಗ ಜಾಸ್ತಿ. ತಿರುವಿನಲ್ಲಿ ಬದಲಾವಣೆ ಇಲ್ಲ."

ಇಷ್ಟರಲ್ಲೇ ವೀಲ್ ಬೇರಿಂಗ್ ಅಲ್ಲ ಅಂತ ಗೊತ್ತಾಗಿಹೋಗಿತ್ತು. ಬದಲಾಯಿಸಿದ ಹಳೇ ಬೇರಿಂಗ್ ಮನೆಯಲ್ಲೇ ಇತ್ತು. ತೊಳೆದು ತಿರುಗಿಸಿದೆ, ಬೆಣ್ಣೆಯ ಹಾಗೆ ತಿರುಗಿತು.

ಜಾಕ್ ಏರಿಸುವಾಗ

ಇದನ್ನು ದಯವಿಟ್ಟು ಎರಡು ಸಲ ಓದಿ. ಹಿಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಗೇರ್ ಹಿಡಿಯುವುದೂ ಹಿಂದಿನ ಚಕ್ರವನ್ನೇ, ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರವನ್ನೇ. ಹಿಂದಿನ ಎರಡೂ ಚಕ್ರ ಮೇಲೆದ್ದರೆ ಗಾಡಿಯನ್ನು ಹಿಡಿದಿಡಲು ಏನೂ ಉಳಿಯುವುದಿಲ್ಲ. ಸಮತಟ್ಟು ನೆಲ ಇರಲಿ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಆಕ್ಸಲ್ ಕೊಳವೆಯ ಕೆಳಗೆ ಎರಡೂ ಕಡೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಒಂದೇ ಚಕ್ರ ಎತ್ತಿ ಇಂಜಿನ್ ಚಾಲೂ ಮಾಡಿ ಗೇರ್ ಹಾಕುವುದಂತೂ ಬೇಡವೇ ಬೇಡ. ನೆಲದ ಮೇಲಿರುವ ಚಕ್ರ ಗಾಡಿಯನ್ನು ಸ್ಟ್ಯಾಂಡ್‌ನಿಂದ ಎಳೆದು ಬೀಳಿಸಬಹುದು.

ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಇಳಿಸಿ, ಒಂದು ಚಕ್ರವನ್ನು ಕೈಯಿಂದ ತಿರುಗಿಸಿ. ಇನ್ನೊಂದು ಚಕ್ರ ಎದುರು ದಿಕ್ಕಿಗೆ ತಿರುಗಿದರೆ ಅದು ತಪ್ಪಲ್ಲ, ಡಿಫರೆನ್ಷಿಯಲ್ ಕೆಲಸವೇ ಅದು. ಒಂದು ಕೈ ಚಕ್ರದ ಮೇಲೆ, ಇನ್ನೊಂದು ಕೈ ಸ್ಪ್ರಿಂಗ್ ಮೇಲೆ ಇಟ್ಟುಕೊಳ್ಳಿ. ಹಾಳಾದ ಬೇರಿಂಗಿನ ನಡುಕ ಬೆರಳಿಗೆ ಮರಳು ಮುಟ್ಟಿದ ಹಾಗೆ ಬರುತ್ತದೆ. ಉದ್ದ ಸ್ಕ್ರೂಡ್ರೈವರ್‌ನ ತುದಿಯನ್ನು ಹಬ್ ಹತ್ತಿರ, ಆಮೇಲೆ ಹೌಸಿಂಗ್ ಮೂತಿಗೆ (ಜಾಯಿಂಟ್ ಶಾಫ್ಟ್ ಬಂದು ಸೇರುವ ಮುಂಭಾಗಕ್ಕೆ) ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಹೋಲಿಸಿ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟ್ ಕಟ್ ಅಂತ ಆಟ ಕಂಡರೆ ವೀಲ್ ಬೇರಿಂಗ್ ನೋಡಲೇಬೇಕು. ಕೊನೆಗೆ ಜಾಯಿಂಟ್ ಶಾಫ್ಟ್ ಹೌಸಿಂಗಿಗೆ ಸೇರುವ ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಸುತ್ತುವ ದಿಕ್ಕಿನಲ್ಲಿ ಸ್ವಲ್ಪ ಆಟ ಇರಲೇಬೇಕು. ಮೇಲೆ ಕೆಳಗೆ ಆಟ ಇರಬಾರದು, ಇದ್ದರೆ ಪಿನಿಯನ್ ಬೇರಿಂಗ್ ಹೋಗಿದೆ. ನಮ್ಮದರಲ್ಲಿ ಕೂದಲೆಳೆಯಷ್ಟು ಆಟ ಸಿಕ್ಕಿತು.

ಆಗ ಕೆಲವರು ಒಂದು ಸಲಹೆ ಕೊಡುತ್ತಾರೆ: ಪಿನಿಯನ್ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಿ, ಸರಿಹೋಗುತ್ತದೆ ಅಂತ. ಒಪ್ಪಬೇಡಿ. ಬಹಳಷ್ಟು ಹೌಸಿಂಗ್‌ಗಳಲ್ಲಿ ಎರಡು ಬೇರಿಂಗಿನ ನಡುವೆ ಅದುಮಿಕೊಳ್ಳುವ ಒಂದು ಸ್ಲೀವ್ ಇರುತ್ತದೆ. ಜಾಸ್ತಿ ಬಿಗಿದರೆ ಅದು ಕುಗ್ಗಿಹೋಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಉಳಿದ ಬೇರಿಂಗೂ ಬಿಸಿಯಾಗಿ ಹಾಳಾಗುತ್ತದೆ.

ಆಯಿಲ್ ಹೇಳುವ ಕಥೆ

ಇಷ್ಟೂ ಪರೀಕ್ಷೆಯಲ್ಲಿ ಅತಿ ಹೆಚ್ಚು ಹೇಳುವುದು ಹೌಸಿಂಗಿನ ಆಯಿಲ್. ಆದರೂ ಜನ ಇದನ್ನೇ ನೋಡುವುದಿಲ್ಲ. ಸ್ವಲ್ಪ ಓಡಿಸಿ ಬೆಚ್ಚಗೆ ಮಾಡಿಕೊಳ್ಳಿ. ಮೊದಲು ಮೇಲಿನ, ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನದು. ಕೆಳಗಿನದು ಮೊದಲು ಬಿಚ್ಚಿ, ಮೇಲಿನದು ತುಕ್ಕು ಹಿಡಿದು ಬರದೆ ಹೋದರೆ, ಖಾಲಿ ಹೌಸಿಂಗ್ ಇಟ್ಟುಕೊಂಡು ಬೀದಿಯಲ್ಲಿ ನಿಲ್ಲಬೇಕಾಗುತ್ತದೆ.

ಆಯಿಲ್ ಮೇಲಿನ ತೂತಿನ ಅಂಚಿನವರೆಗೆ ಇರಬೇಕು. ಬೆರಳು ಬಗ್ಗಿಸಿ ನೋಡಿ. ಕಡಿಮೆ ಇದ್ದರೆ ಮೊದಲು ಒಣಗುವುದು ಮೂತಿಯಲ್ಲಿರುವ ಮುಂದಿನ ಪಿನಿಯನ್ ಬೇರಿಂಗ್. ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಕೆಸರು ಅಂಟಿದ್ದರೆ ಅದು ಸಾಮಾನ್ಯ ಸವೆತ. ಉಗುರಿಗೆ ಸಿಗುವಂಥ ಚೂರು, ಸಿಪ್ಪೆ ಇದ್ದರೆ ಒಳಗೆ ಏನೋ ಒಡೆದಿದೆ.

ನಮ್ಮ ಗಾಡಿಯಿಂದ ಬಂದದ್ದು ಹಾಲು ಹಾಕಿದ ಕಾಫಿಯ ಬಣ್ಣ. ನೀರು ಬೆರೆತಿತ್ತು. ಮುಚ್ಚಿದ ಹೌಸಿಂಗಿಗೆ ನೀರು ಹೇಗೆ ಹೋಯಿತು ಅಂತ ಕೇಳಿದೆ. ಮೇಸ್ತ್ರಿ ಆಕ್ಸಲ್ ಮೇಲಿನ ಬೆರಳುದ್ದದ ಬ್ರೀದರ್, ಅಂದರೆ ಗಾಳಿ ಹೋಗಿಬರುವ ಕಿಂಡಿ, ತೋರಿಸಿದರು. ಓಡುವಾಗ ಹೌಸಿಂಗ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿರುತ್ತದೆ. ಆ ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದ ತಕ್ಷಣ ಗಾಳಿ ಕುಗ್ಗುತ್ತದೆ, ಬ್ರೀದರ್‌ನಿಂದಲೋ ಹಳೇ ಸೀಲ್‌ನಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಇಂಜಿನ್‌ಗೆ ನೀರು ಹೋದರೆ ಗಾಡಿ ಅಲ್ಲೇ ನಿಲ್ಲುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಆಕ್ಸಲ್‌ಗೆ ಹೋದರೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಅಂಡರ್‌ಪಾಸಿನ ನೀರಿನಲ್ಲಿ ಹೋಗಿ ಬಂದವರು ಅದೇ ವಾರ ಆ ಮೇಲಿನ ಬೋಲ್ಟ್ ಬಿಚ್ಚಿಸಿ ನೋಡಿ. ಒಂದೆರಡು ಲೀಟರ್ ಆಯಿಲ್‌ನಲ್ಲಿ ಮುಗಿಯುವ ಕೆಲಸ ಅದು.

ಬ್ರೀದರ್ ಕೆಸರಿನಿಂದ ಮುಚ್ಚಿದರೆ ಉಲ್ಟಾ ತೊಂದರೆ. ಒತ್ತಡ ಹೆಚ್ಚಿ ಆಯಿಲ್ ಸೀಲ್ ದಾಟಿ ಡ್ರಮ್ ಒಳಗೆ ಬರುತ್ತದೆ, ಬ್ರೇಕ್ ಶೂ ನೆನೆಯುತ್ತದೆ.

ಆಯಿಲ್ ಹಾಕುವಾಗ ಗಾಡಿಯ ಪುಸ್ತಕದಲ್ಲಿರುವ ದರ್ಜೆಯನ್ನೇ ಹಾಕಿ. ಕ್ರೌನ್, ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಉಜ್ಜುತ್ತವೆ. ಅದಕ್ಕೆ ಸಾಮಾನ್ಯವಾಗಿ ಜಿಎಲ್-5 ದರ್ಜೆ ಬೇಕು. ಗೇರ್‌ಬಾಕ್ಸಿಗೆ ತಂದು ಉಳಿದ ಜಿಎಲ್-4 ಇಲ್ಲಿಗೆ ಸುರಿಯಬೇಡಿ.

ಇವು ಕಂಡರೆ ಓಡಿಸಬೇಡಿ

ಚಕ್ರ ವಾಲಾಡುತ್ತಿದ್ದರೆ, ಹಬ್‌ನಿಂದ ಹೊಗೆ ಅಥವಾ ಸುಟ್ಟ ವಾಸನೆ ಬಂದರೆ, ಒಂದು ಕಡೆ ಡ್ರಮ್ ಇನ್ನೊಂದಕ್ಕಿಂತ ತುಂಬಾ ಬಿಸಿ ಇದ್ದರೆ ಅಲ್ಲೇ ನಿಲ್ಲಿಸಿ, ಟೋಯಿಂಗ್ ಕರೆಸಿ. ಬಿಸಿ ನೋಡಲು ಡ್ರಮ್ ಮುಟ್ಟಬೇಡಿ, ಕೈ ಹತ್ತಿರ ಹಿಡಿದರೆ ಸಾಕು. ಇಂಥ ಎಷ್ಟೋ ಗಾಡಿಗಳಲ್ಲಿ ಆಕ್ಸಲನ್ನು ಒಳಗೆ ಹಿಡಿದಿಟ್ಟಿರುವುದೇ ಆ ವೀಲ್ ಬೇರಿಂಗ್. ಅದು ಪೂರ್ತಿ ಒಡೆದರೆ ಆಕ್ಸಲ್ ಸಮೇತ ಚಕ್ರ ಹೊರಗೆ ಬರಬಹುದು.

ನಮ್ಮ ಗಾಡಿಯಲ್ಲಿ ಸಿಕ್ಕಿದ್ದು

ಚೀಟಿ ನೋಡಿ ಮೇಸ್ತ್ರಿ, "ಮುಂದಿನ ಪಿನಿಯನ್ ಬೇರಿಂಗ್ ಇರಬೇಕು ಸಾರ್, ಬಿಚ್ಚಿ ನೋಡೋಣ" ಅಂದರು. ಹೊರತೆಗೆದ ಬೇರಿಂಗಿನ ಕಪ್, ಅಂದರೆ ಉರುಳೆಗಳು ಉರುಳುವ ಹೊರಬಳೆಯನ್ನು, ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರು. ಹೊಳೆಯುವ ಒಳಮೈಯಲ್ಲಿ ಕಪ್ಪು ಗೆರೆಗಳು, ಬಾಚಣಿಗೆ ಹಲ್ಲಿನಷ್ಟು ಸಮ ಅಂತರದಲ್ಲಿ. ಒಂದೊಂದು ಉರುಳೆ ಕೂತಿದ್ದ ಜಾಗಕ್ಕೆ ಒಂದೊಂದು ಗೆರೆ. ಉಗುರಿನಿಂದ ಎಳೆದಾಗ ಪ್ರತಿ ಗೆರೆಗೂ ಟಿಕ್ ಟಿಕ್ ಅಂತ ತಡೆಯುತ್ತಿತ್ತು. ಗಾಡಿ ನಿಂತಿದ್ದ ಎರಡು ತಿಂಗಳು ನೀರು ಅಲ್ಲೇ ಕೂತು ತುಕ್ಕು ತಿಂದಿತ್ತು. ಆಮೇಲೆ ಓಡಿಸಿದಾಗ ಗೆರೆಗಳ ಅಂಚು ಒಡೆದು ಒಂದೆರಡು ಕಡೆ ಅಕ್ಕಿನುಚ್ಚಿನಷ್ಟು ಗುಳಿ ಬಿದ್ದಿತ್ತು.

ಕ್ರೌನ್, ಪಿನಿಯನ್ ಹಲ್ಲು ಚೆನ್ನಾಗಿದ್ದವು. ಅವು ಹಾಳಾಗಿದ್ದರೆ ಎರಡನ್ನೂ ಜೋಡಿಯಾಗಿಯೇ ಬದಲಾಯಿಸಬೇಕಿತ್ತು. ಅವು ಕಾರ್ಖಾನೆಯಲ್ಲೇ ಒಂದಕ್ಕೊಂದು ಹೊಂದಿಸಿ ಬಂದಿರುತ್ತವೆ. ಹಳೇ ಬೇರಿಂಗ್ ಕೈಯಲ್ಲಿ ಹಿಡಿದು ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. ಬೇರಿಂಗ್ ಅಂಚಿನಲ್ಲಿ ಕೊರೆದ ನಂಬರ್ ತೋರಿಸಿದರೆ ಸಾಕು, ಗಾಡಿಯ ಹೆಸರೂ ಬೇಡ. ಉರುಳೆ ಮತ್ತು ಕಪ್ ಎರಡೂ ಹೊಸದು, ಪಿನಿಯನ್‌ನ ಎರಡೂ ಬೇರಿಂಗ್, ಸೀಲ್, ಹೊಸ ಸ್ಲೀವ್, ಹೊಸ ನಟ್ ತಂದೆ.

ಜೋಡಿಸುವಾಗ ಅವರು ಮಾಡಿದ ಮೂರು ಕೆಲಸ ನೀವೂ ನಿಂತು ನೋಡಿ. ಒಂದು, ನಟ್ ಬಿಗಿಯುತ್ತಾ ಪಿನಿಯನ್ ತಿರುಗಲು ಎಷ್ಟು ಬಲ ಬೇಕು ಅಂತ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಅಳೆದರು. ಇನ್ನೊಂದು, ಡಯಲ್ ಗೇಜ್ ಇಟ್ಟು ಕ್ರೌನ್‌ನ ಆಟ ನೋಡಿದರು. ಸಣ್ಣ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 0.1ರಿಂದ 0.2 ಮಿಲಿಮೀಟರ್ ಆಸುಪಾಸು. ನಿಮ್ಮ ಗಾಡಿಯ ನಿಖರ ಅಳತೆ ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಹಲ್ಲಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುತ್ತದೋ ಇಲ್ಲವೋ ಅಂತಲೂ ನೋಡಿದರು. ಈ ಯಾವುದನ್ನೂ ಮಾಡದೆ ಬರೀ ಕೈ ಅಂದಾಜಿನಲ್ಲಿ ಹೌಸಿಂಗ್ ಮುಚ್ಚುವವರ ಹತ್ತಿರ ಈ ಕೆಲಸ ಕೊಡಬೇಡಿ. ಬೇರಿಂಗ್ ಹೊಸದಾದರೂ ಗುಂಯ್ ಅನ್ನುವ ಸದ್ದು ಹೊಸದಾಗಿ ಹುಟ್ಟಿಕೊಳ್ಳುತ್ತದೆ.

1000 ಕಿ.ಮೀ. ಆದ ಮೇಲೆ ಆಯಿಲ್ ಇಳಿಸಿ ನೋಡಿದೆವು. ಜೇನಿನ ಬಣ್ಣ ಹಾಗೇ ಇತ್ತು. ಅಯಸ್ಕಾಂತದ ಮೇಲೆ ಬೆರಳಿಗೆ ನುಣುಪಾದ ತೆಳು ಬೂದು ಪದರ, ಚೂರು ಒಂದೂ ಇರಲಿಲ್ಲ. ಅದನ್ನು ಒರೆಸಿ ಹೊಸ ಆಯಿಲ್ ತುಂಬಿ, ಬ್ರೀದರ್‌ಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾಡಿಯ ಮೇಲಿನವರೆಗೆ ಎತ್ತಿ ಕಟ್ಟಿಸಿದೆ.